ಟೀಕೆ: ಬೈಗುಳವಾಗುವ ಮುಂಚೆ

ಪತ್ರಿಕೆಯ ತಲೆಬರಹದಲ್ಲಿ ‘ಟೀಕೆ’ ಎಂಬ ಪದ ಕಂಡರೆ ಕೆಳಗಿನ ಸುದ್ದಿಯನ್ನು ಓದದೆಯೂ ಹೇಳಿಬಿಡಬಹುದು. ಒಬ್ಬ ಮುಖಂಡ ಇನ್ನೊಬ್ಬನನ್ನು ಟೀಕಿಸಿರುತ್ತಾನೆ, ಆ ಇನ್ನೊಬ್ಬ ಮರುದಿನ ತಿರುಗೇಟು ಕೊಡುತ್ತಾನೆ. ಇದೇ ಪದ ಹಳೆಯ ಪುಸ್ತಕದ ರಟ್ಟಿನ ಮೇಲೆ ಕೂತಾಗ ಅದರ ಮುಖವೇ ಬೇರೆ. ಹಳಗನ್ನಡ, ನಡುಗನ್ನಡ ಕಾವ್ಯಗಳ ಹಳೆಯ ಮುದ್ರಣಗಳ ಮೇಲೆ ‘ಟೀಕಾ ತಾತ್ಪರ್ಯ ಸಹಿತ’ ಎಂದು ಅಚ್ಚಾಗಿರುತ್ತಿತ್ತು. ಇವತ್ತಿನ ಅರ್ಥ ಹಿಡಿದು ಓದಿದರೆ, ಕವಿಯನ್ನು ಸಾಲುಸಾಲಾಗಿ ಬೈದು, ಆ ಬೈಗುಳದ ಸಾರಾಂಶವನ್ನೂ ಕೊನೆಗೆ ಒದಗಿಸಿದ್ದಾರೆ ಎಂದಾಗಬೇಕು!

ಪದಗಳು ಅರ್ಥ ಬದಲಿಸುವುದು ಹೊಸದಲ್ಲ. ಆದರೆ ಬಿಡಿಸಿ ಹೇಳುವ ಕೆಲಸದ ಹೆಸರು ತಪ್ಪು ಹಿಡಿಯುವ ಕೆಲಸಕ್ಕೆ ಹೋದದ್ದು ಸ್ವಲ್ಪ ಕುತೂಹಲದ ಸಂಗತಿ. ಈ ಎರಡು ಅರ್ಥಗಳ ನಡುವಿನ ದೂರ ನಾವು ತಿಳಿದಷ್ಟಿಲ್ಲ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿ ಹುಡುಕಲು ಹಾನಗಲ್ಲು, ಶಿಗ್ಗಾವಿ ಕಡೆಯ ಹಳ್ಳಿಗಳಿಗೂ ಹೋಗಬೇಕು, ಅಮೆರಿಕದಲ್ಲಿ ವಿಜ್ಞಾನಕಥೆಯ ಹುಚ್ಚು ಹತ್ತಿಸಿಕೊಂಡ ಓದುಗರ ಬಳಿಗೂ ಹೋಗಬೇಕು.

ಮೊದಲು ಬೇರು ನೋಡೋಣ. ಸಂಸ್ಕೃತದಲ್ಲಿ ‘ಟೀಕ್’ ಎಂಬ ಧಾತುವಿಗೆ ಹೋಗು, ಚಲಿಸು ಎಂದರ್ಥ. ಯಾವುದನ್ನು ಹಿಡಿದು ಗ್ರಂಥದ ಅರ್ಥದವರೆಗೆ ಹೋಗಿ ಮುಟ್ಟುತ್ತೇವೋ ಅದು ಟೀಕಾ. ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಶಾಸ್ತ್ರಬರಹದ ಬಗೆಗಳನ್ನು ಎಣಿಸುವಾಗ ಸೂತ್ರ, ವೃತ್ತಿ, ಭಾಷ್ಯಗಳ ಜೊತೆ ಟೀಕೆಯನ್ನೂ ಪಂಜಿಕೆಯನ್ನೂ ಬೇರೆಬೇರೆಯಾಗಿ ಹೇಳುತ್ತಾನೆ. ತೊಡಕಿನ ಪದಗಳನ್ನಷ್ಟೇ ಒಡೆದು ಕೊಟ್ಟರೆ ಅದು ಪಂಜಿಕೆ. ಅರ್ಥವನ್ನು ಎಲ್ಲಿಯವರೆಗೆ ನಡೆಸಲು ಸಾಧ್ಯವೋ ಅಲ್ಲಿಯವರೆಗೆ ನಡೆಸಿಕೊಂಡು ಹೋದರೆ ಅದು ಟೀಕೆ. ಹೇಮಚಂದ್ರನ ಕೋಶದ ಪ್ರಕಾರ ಎಡೆಬಿಡದ ವಿವರಣೆಯೇ ಟೀಕೆ. ಅಂದರೆ ಟೀಕಾಕಾರನಿಗೆ ಕಷ್ಟದ ಜಾಗ ಬಂದಾಗ ಹಾರಿ ದಾಟುವ ಅನುಕೂಲವಿಲ್ಲ.

ಈ ಮನೆತನದ ಉಳಿದ ಮಕ್ಕಳ ಗತಿಯನ್ನೂ ನೋಡಿ. ವೃತ್ತಿ ಎಂದರೆ ಒಂದು ಕಾಲಕ್ಕೆ ಸೂತ್ರದ ವಿವರಣೆ, ಕಾಶಿಕಾವೃತ್ತಿಯಲ್ಲಿದ್ದಂತೆ. ಈಗ ಅದು ಅರ್ಜಿಯ ನಮೂನೆಯಲ್ಲಿ ‘ವಯಸ್ಸು’ ಆದಮೇಲೆ ತುಂಬುವ ಜಾಗ. ಟಿಪ್ಪಣಿ ಸರ್ಕಾರಿ ಕಚೇರಿಯ ಕಡತದೊಳಗೆ ನೌಕರಿ ಹಿಡಿಯಿತು. ಭಾಷ್ಯ ಮಾತ್ರ ಗೌರವ ಉಳಿಸಿಕೊಂಡಿತು, ಯಾರು ಏನು ಹೊಸತು ಮಾಡಿದರೂ ‘ಹೊಸ ಭಾಷ್ಯ ಬರೆದರು’ ಎನ್ನುತ್ತೇವೆ. ಪಂಜಿಕೆ ಸತ್ತೇಹೋಯಿತು. ಟೀಕೆಯ ಪಾಲಿಗೆ ಜಗಳ ಬಂತು. (ಉತ್ತರ ಕರ್ನಾಟಕದ ಹೆಂಗಸರು ಕೊರಳಿಗೆ ಹಾಕುವ ಗುಂಡಿನ ಟೀಕಿಯನ್ನೂ ಇದೇ ಬೇರಿಗೆ ಕಟ್ಟುವ ಹಟ ನನಗಿಲ್ಲ. ಮನೆಯನ್ನು ಮನಿ, ಕೆರೆಯನ್ನು ಕೆರಿ ಎನ್ನುವ ನಮ್ಮ ಬಾಯಲ್ಲಿ ಟೀಕೆಯೂ ಟೀಕಿಯೇ ಆಗುವುದರಿಂದ, ಯಾರಾದರೂ ‘ಟೀಕಿ ಮಾಡಿಸೇನಿ’ ಅಂದರೆ ಖುಷಿಪಡಬೇಕು, ‘ಟೀಕಿ ಮಾಡೇನಿ’ ಅಂದರೆ ಎಚ್ಚರವಾಗಿರಬೇಕು.)

ಟೀಕೆಯ ಕಸುಬಿಗೆ ಕಟ್ಟುಪಾಡು ಬರೆದಿಟ್ಟವನು ಮಲ್ಲಿನಾಥ, ಕಾಳಿದಾಸನ ಕಾವ್ಯಗಳಿಗೆ ‘ಸಂಜೀವಿನಿ’ ಬರೆದವನು. ಕೆಟ್ಟ ವ್ಯಾಖ್ಯಾನಗಳ ವಿಷ ಏರಿ ಕಾಳಿದಾಸನ ಮಾತು ಮೂರ್ಛೆ ಹೋಗಿದೆ, ಅದನ್ನು ಎಬ್ಬಿಸಲು ಬಂದಿದ್ದೇನೆ ಎಂಬುದು ಅವನ ಪೀಠಿಕೆಯ ಧಾಟಿ. ಹೆಸರಿನಲ್ಲೇ ಬೇರೆ ಟೀಕಾಕಾರರ ಟೀಕೆಯಿದೆ! ಅವನು ಎರಡು ಮಾತು ಕೊಡುತ್ತಾನೆ. ಮೂಲದಲ್ಲಿ ಆಧಾರ ಇಲ್ಲದ್ದನ್ನು ಬರೆಯುವುದಿಲ್ಲ, ಯಾರಿಗೂ ಬೇಕಾಗಿರದ್ದನ್ನು ಹೇಳುವುದಿಲ್ಲ. ಈ ಎರಡು ಮಾತುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಅಂತರಿಕ್ಷಕ್ಕೆ ಹೋದಾಗಲೂ ಕೆಲಸಕ್ಕೆ ಬರುತ್ತವೆ.

ಕನ್ನಡನಾಡಿನಲ್ಲಿ ಟೀಕೆ ಬರೆಯುವುದು ಬೈಸಿಕೊಳ್ಳುವ ಕೆಲಸವಾಗಿರಲಿಲ್ಲ, ಬಿರುದು ತರುವ ಕೆಲಸವಾಗಿತ್ತು. ಮಧ್ವಾಚಾರ್ಯರು ಬಿಗಿಯಾಗಿ, ಚಿಕ್ಕದಾಗಿ ಬರೆದರು. ಹದಿನಾಲ್ಕನೆಯ ಶತಮಾನದ ಜಯತೀರ್ಥರು ಅದನ್ನೆಲ್ಲ ಬಿಡಿಸಿದರು, ‘ನ್ಯಾಯಸುಧಾ’ದಂಥ ಗ್ರಂಥ ಕೊಟ್ಟರು. ಅವರಿಗೆ ಟೀಕಾಚಾರ್ಯರೆಂದೇ ಹೆಸರು. ಮಧ್ವರ ಮಾತಿನ ಒಳಗುಟ್ಟು ಇವರಿಗೆ ಹೇಗೆ ಇಷ್ಟು ಚೆನ್ನಾಗಿ ಗೊತ್ತು ಎಂಬ ಪ್ರಶ್ನೆಗೆ ಭಕ್ತರು ಕೊಟ್ಟುಕೊಂಡ ಉತ್ತರ ಇನ್ನೂ ಸೊಗಸು: ಹಿಂದಿನ ಜನ್ಮದಲ್ಲಿ ಅವರು ಮಧ್ವರ ಪುಸ್ತಕಗಳ ಹೊರೆ ಹೊತ್ತು, ಪಾಠ ಕೇಳುತ್ತ ನಿಂತಿರುತ್ತಿದ್ದ ಎತ್ತಾಗಿದ್ದರಂತೆ. ಟೀಕಾಕಾರನ ಬಗ್ಗೆಯೇ ಹುಟ್ಟಿಕೊಂಡ ಟೀಕೆ ಇದು.

ಕನ್ನಡ ಭಾಷೆಯೊಳಗೆ ನೋಡಿದರೂ ಅದೇ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಬರೆದ ಭಟ್ಟಾಕಳಂಕ, ಕನ್ನಡವೇನು ಸಾಮಾನ್ಯ ಭಾಷೆಯಲ್ಲ ಎಂದು ತೋರಿಸಲು ಎತ್ತಿದ ಉದಾಹರಣೆ ಕಾವ್ಯವಲ್ಲ, 96,000 ಗ್ರಂಥ ಪ್ರಮಾಣದ ‘ಚೂಡಾಮಣಿ’ ಎಂಬ ವ್ಯಾಖ್ಯಾನ. ಅದರ ಒಂದು ಗರಿಯೂ ಇವತ್ತು ಉಳಿದಿಲ್ಲ. ಭಾಷೆಯ ಮಾನ ಕಾಯಲು ಒಂದು ವಿವರಣೆಯ ಪುಸ್ತಕವನ್ನು ಮುಂದೆ ನಿಲ್ಲಿಸಿದ ಕಾಲ ಅದು.

ವಚನಗಳ ಕತೆ ಇನ್ನೂ ಹತ್ತಿರದ್ದು. ಹಿರೇಕೆರೂರಿನಿಂದ ತೀರಾ ದೂರವಲ್ಲದ ಬಳ್ಳಿಗಾವಿಯ ಅಲ್ಲಮಪ್ರಭು ಬೆಡಗಿನ ವಚನಗಳನ್ನು ಹೇಳಿಹೋದ. ಯಾರಿಗೆ ಹೇಳಿದ, ಯಾವ ಸಂದರ್ಭದಲ್ಲಿ ಹೇಳಿದ, ಎದುರಿಗಿದ್ದವರು ಏನೆಂದರು, ಒಂದೂ ವಚನದಲ್ಲಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಈ ಬಿಡಿ ವಚನಗಳನ್ನು ಮಾತುಕತೆಯಾಗಿ ಜೋಡಿಸಿ ‘ಶೂನ್ಯಸಂಪಾದನೆ’ ಕಟ್ಟಿದ. ಬಸವಣ್ಣ ಈ ವಚನ ಹೇಳಿದ್ದಕ್ಕೆ ಅಲ್ಲಮ ಆ ವಚನದಿಂದ ಉತ್ತರ ಕೊಟ್ಟಿರಬೇಕು, ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಹೀಗೆ ಪರೀಕ್ಷೆ ನಡೆದಿರಬೇಕು ಎಂದು ಊಹಿಸಿ, ಊಹೆಗೆ ವಚನಗಳನ್ನೇ ಆಧಾರ ಮಾಡಿಕೊಂಡ. ಅಷ್ಟಕ್ಕೇ ನಿಲ್ಲಲಿಲ್ಲ. ಸಿದ್ಧರಾಮನ ದೀಕ್ಷೆಯಂಥ ಸಂಗತಿಗಳು ಸರಿಯಾಗಿ ಕೂತಿಲ್ಲವೆಂದು ಹಲಗೆಯಾರ್ಯ ಮತ್ತೆ ಕಟ್ಟಿದ, ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತೊಮ್ಮೆ, ಗೂಳೂರ ಸಿದ್ಧವೀರಣ್ಣೊಡೆಯ ಇನ್ನೊಮ್ಮೆ. ಒಂದೇ ಕತೆಯ ಕಂದಕ ಮುಚ್ಚಲು ನಾಲ್ಕು ಪ್ರಯತ್ನ! ಪ್ರತಿಯೊಂದೂ ಹಿಂದಿನದರ ತಪ್ಪು ಹಿಡಿಯುತ್ತದೆ, ಹಿಡಿದ ತಪ್ಪನ್ನು ತಾನೇ ತಿದ್ದುತ್ತದೆ. ಟೀಕೆಯ ಎರಡೂ ಅರ್ಥ ಇಲ್ಲಿ ಬೇರೆಯಾಗೇ ಇಲ್ಲ.

ಈಗ ಆಡೂರಿಗೆ ಬರೋಣ. ಹಾನಗಲ್ಲು ತಾಲ್ಲೂಕಿನ ಈ ಊರು ಶಾಸನ ಓದುವವರಿಗೆ ಚಿರಪರಿಚಿತ. ಇಲ್ಲಿಯ ಬಾದಾಮಿ ಚಾಲುಕ್ಯರ ಕಾಲದ ಕಲ್ಲಿನಲ್ಲಿ ಸಂಸ್ಕೃತವೂ ಇದೆ, ಹಳಗನ್ನಡವೂ ಇದೆ, ಜಿನಾಲಯಕ್ಕೆ ಕೊಟ್ಟ ದಾನದ ಮಾತಿದೆ, ಕೀರ್ತಿವರ್ಮ ಎಂಬ ಅರಸನ ಹೆಸರಿದೆ. ಯಾವ ಕೀರ್ತಿವರ್ಮ? ಕಲ್ಲು ಹೇಳುವುದಿಲ್ಲ. ಚಾಲುಕ್ಯರಲ್ಲಿ ಆ ಹೆಸರಿನವರು ಇಬ್ಬರು, ನಡುವೆ ಒಂದೂವರೆ ಶತಮಾನದ ಅಂತರ. ಇದನ್ನು ಮೊದಲು ಪ್ರಕಟಿಸಿದ ಫ್ಲೀಟ್ ಮೊದಲನೆಯವನ ಕಡೆ ಒಲಿದರು. ಆಮೇಲಿನವರಲ್ಲಿ ಹೆಚ್ಚಿನವರು ಎರಡನೆಯವನ ಕಾಲಕ್ಕೆ, ಸುಮಾರು ಕ್ರಿ.ಶ. 750ಕ್ಕೆ, ತಂದರು. ಇತಿಹಾಸಕಾರರು ಇದನ್ನು ಕಾಲನಿರ್ಣಯ ಎಂದು ಗಂಭೀರವಾಗಿ ಕರೆಯುತ್ತಾರೆ. ಮೂಲ ಬಾಯಿಬಿಡದ ಕಡೆ ಅಕ್ಷರದ ಓರೆಕೋರೆ, ಪಕ್ಕದ ಶಾಸನ, ಅರಸರ ವಂಶಾವಳಿ ಹಿಡಿದು ಅರ್ಥವನ್ನು ಮುಂದಕ್ಕೆ ನಡೆಸುವ ಕೆಲಸಕ್ಕೆ ನನ್ನ ಲೆಕ್ಕದಲ್ಲಿ ಹೆಸರು ಟೀಕೆ.

ಆಡೂರಿನಿಂದ ತಾಲ್ಲೂಕು ಕೇಂದ್ರಕ್ಕೆ ಹೋದರೆ ಇನ್ನೊಂದು ಬಗೆಯ ಟೀಕೆ ಕಾಣುತ್ತದೆ. ಶಾಸನಗಳ ಪಾನುಂಗಲ್ಲು ಎಂಬ ಹೆಸರೇ ಇವತ್ತಿನ ಹಾನಗಲ್ಲು. ಅದೇ ಊರನ್ನು ಶಾಸನಗಳು ವಿರಾಟನ ಕೋಟೆ, ವಿರಾಟ ನಗರಿ ಎಂದೂ ಕರೆದಿವೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ, ಇಗೋ ಕುಂತಿಯ ದಿಬ್ಬ ಎಂದು ದಿಬ್ಬವನ್ನೂ ತೋರಿಸುತ್ತಾರೆ. ಮಹಾಭಾರತದ ವಿರಾಟನ ಮತ್ಸ್ಯದೇಶ ಉತ್ತರದ್ದು, ಅಜ್ಞಾತವಾಸದಲ್ಲಿ ಕುಂತಿ ಜೊತೆಗಿರಲೂ ಇಲ್ಲ. ಆಧಾರವಿಲ್ಲದ್ದನ್ನು ಬರೆಯೆ ಎಂದ ಮಲ್ಲಿನಾಥ ಈ ದಿಬ್ಬ ಹತ್ತುತ್ತಿರಲಿಲ್ಲ. ಹೀಗಾಗಿ ಟೀಕೆಯಾಗಿ ಇದು ದುರ್ಬಲ, ಅಭಿಮಾನವಾಗಿ ಬಲು ಗಟ್ಟಿ. ಗುಪ್ತವಾಗಿ ಬಾಳಿದವರ ಊರು ಎಲ್ಲಿ ಬೇಕಾದರೂ ಇರಬಹುದಲ್ಲ ಎಂಬ ಜಾಣ ಸಮಾಧಾನವೊಂದು ಅದರ ಬೆನ್ನಿಗಿದೆ.

ಈ ಸೀಮೆಯ ನಿಜವಾದ ಟೀಕಾಪರಂಪರೆ ಕಲ್ಲಿನ ಮೇಲಿಲ್ಲ, ಭಜನೆಯ ರಾತ್ರಿಗಳಲ್ಲಿದೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫಸಾಹೇಬರು (1819–1889) ತತ್ತ್ವಪದ ಹಾಡಿದರು, ಕಳಸದ ಗೋವಿಂದಭಟ್ಟರು ಅವರ ಗುರು. ಕೋಳಿ ಕೋಡಗನನ್ನು ನುಂಗುವ ಅವರ ಪದವನ್ನು ಕೇಳದ ಕನ್ನಡಿಗರಿಲ್ಲ. ಸಿ. ಅಶ್ವತ್ಥರ ಕಂಠ, 1990ರಲ್ಲಿ ಬಂದ ಟಿ.ಎಸ್. ನಾಗಾಭರಣರ ಸಿನಿಮಾ ಅದನ್ನು ಬೆಂಗಳೂರಿಗೂ ಮುಟ್ಟಿಸಿದವು. ಬೆಂಗಳೂರಿನಲ್ಲಿ ಅದು ಹಾಡು, ಇಲ್ಲಿ ಅದು ಪ್ರಶ್ನೆ. ಹಾಡು ಮುಗಿದು ಏಕತಾರಿ ಕೆಳಗಿಟ್ಟ ಮೇಲೆ ಕೆಲಸ ಸುರುವಾಗುತ್ತದೆ.

“ಕೋಳಿ ಅಂದ್ರ ಜೀವ, ಕೋಡಗ ಅಂದ್ರ ಮನಸ್ಸು, ಮುಗೀತಲ್ಲೊ ತಮ್ಮಾ.”

“ಅಲ್ರೀ ಕಾಕಾ, ಜೀವ ಮನಸ್ಸನ್ನ ನುಂಗಿದ್ರ, ಮುಂದ ಬರೋ ಆಡು ಆನಿ ಯಾರನ್ನ ನುಂಗ್ಯಾವು?”

ಆ ‘ಅಲ್ರೀ’ ಎಂಬುದರಲ್ಲಿ ಟೀಕೆಯ ಪ್ರಾಣವಿದೆ. ಕಾಕಾ ಹೇಳಿದ್ದು ರೂಢಿಯ ಅರ್ಥ, ಪುಸ್ತಕದ ಅರ್ಥ, ಮೊದಲ ಸಾಲಿಗೆ ಹೊಂದುತ್ತದೆ. ಹುಡುಗ ಕೇಳುತ್ತಿರುವುದು ಎಲ್ಲ ಸಾಲಿಗೂ ಹೊಂದುವ ಅರ್ಥ. ಹೇಮಚಂದ್ರ ಹೇಳಿದ ಎಡೆಬಿಡದ ವಿವರಣೆಯನ್ನೇ ಅವನು ಕೇಳುತ್ತಿದ್ದಾನೆ, ಹೇಮಚಂದ್ರನ ಹೆಸರು ಅವನಿಗೆ ಗೊತ್ತಿರಬೇಕಾಗಿಲ್ಲ. ಗೀಗೀ ಮೇಳಗಳ ಹರದೇಶಿ–ನಾಗೇಶಿ ವಾದದಲ್ಲೂ ಇದೇ ಆಟ. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು, ಪುರಾಣದೊಳಗಿನ ಬಿರುಕಿಗೆ ಬೆರಳಿಟ್ಟು ಸವಾಲು ಹಾಕುತ್ತವೆ. ಜವಾಬು ಪುರಾಣದ ಒಳಗಿನಿಂದಲೇ ಬರಬೇಕು. ‘ಅದು ಹಾಗೇ’ ಅಂದವರು ಸೋತರು.

ಈಗ ಕನಕದಾಸರು. ಹುಟ್ಟಿದ್ದು ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ, ನೆಲೆಸಿದ್ದು ಕಾಗಿನೆಲೆಯ ಆದಿಕೇಶವನ ಎದುರು. ಒಗಟಿನಂಥ ಅವರ ಹಾಡುಗಳಿಗೆ ಮುಂಡಿಗೆ ಎಂದು ಹೆಸರು. ಕನಕದಾಸರು ಬರೇ ಒಗಟು ಹಾಕಿದವರಲ್ಲ, ರಾಮಾಯಣಕ್ಕೆ ತಾವೇ ಒಂದು ಕಂತು ಸೇರಿಸಿದವರು. ಲಂಕೆಯಿಂದ ಮರಳುವ ದಾರಿಯಲ್ಲಿ ಧಾನ್ಯಗಳಲ್ಲಿ ಯಾವುದು ಹೆಚ್ಚು ಎಂಬ ಜಗಳ ರಾಮನ ಮುಂದೆ ಬರುತ್ತದೆ. ಅಕ್ಕಿ, ನರೆದಲಗ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಅಕ್ಕಿ ಸೊರಗುತ್ತದೆ, ನರೆದಲಗ ಗಟ್ಟಿಯಾಗಿ ಉಳಿಯುತ್ತದೆ. ರಾಮ ಮೆಚ್ಚಿ ತನ್ನ ರಾಘವ ಎಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ, ಅದೇ ರಾಗಿ. ಭಾಷಾಶಾಸ್ತ್ರಿಗಳು ಈ ವ್ಯುತ್ಪತ್ತಿಯನ್ನು ಒಪ್ಪುವುದಿಲ್ಲ. ಆದರೆ ವಾಲ್ಮೀಕಿ ಬಿಟ್ಟುಹೋದ ಒಂದು ಮಾತನ್ನು, ಉಂಡು ಬದುಕುವವರಲ್ಲಿ ಯಾರು ಮೇಲು ಎಂಬುದನ್ನು, ರಾಮನ ಬಾಯಿಂದಲೇ ಹೇಳಿಸಿದ ಜಾಣತನ ನೋಡಿ. ‘ರಾಮಧಾನ್ಯಚರಿತ್ರೆ’ ಮೂಲಕ್ಕೆ ವಿರೋಧವಾಗದೆ ಮೂಲದ ಮೇಲುಕೀಳನ್ನು ಪ್ರಶ್ನಿಸುತ್ತದೆ. ಅದೂ ಪಕ್ಕದ ಹಾನಗಲ್ಲು ಭತ್ತದ ಸೀಮೆಯಾಗಿರುವಾಗ!

ಕನಕದಾಸರ ಬಗ್ಗೆ ಜನ ಬರೆದ ಟೀಕೆಯಂತೂ ಕನ್ನಡದ ಅತಿ ದೊಡ್ಡ ಟೀಕೆ. ಉಡುಪಿಯಲ್ಲಿ ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದಾನೆ, ಅವನ ಎದುರಿನ ಗೋಡೆಯಲ್ಲೊಂದು ಕಿಂಡಿಯಿದೆ. ಎರಡೂ ಕಣ್ಣಿಗೆ ಕಾಣುವ ಸಂಗತಿಗಳು. ಏಕೆ ಹೀಗೆ? ಮೂರ್ತಿ ಮೊದಲಿಂದಲೂ ಹಾಗೇ ಇತ್ತು, ಕಿಂಡಿಗೆ ಕನಕನ ಹೆಸರು ಆಮೇಲೆ ಬಂತು ಎನ್ನುವವರಿದ್ದಾರೆ. ಜನ ಹೇಳುವುದು ಬೇರೆ: ಒಳಗೆ ಬಿಡದ ಕನಕ ಹಿಂದೆ ನಿಂತು ಹಾಡಿದ, ಗೋಡೆ ಬಿರಿಯಿತು, ದೇವರೇ ತಿರುಗಿ ನಿಂತ. ಯಾವುದು ಇತಿಹಾಸ ಎಂಬ ವಾದ ಕನ್ನಡದಲ್ಲಿ ಬಹಳ ಕಾಲದಿಂದ ನಡೆದಿದೆ, ಅದರ ತೀರ್ಪು ಕೊಡಲು ನಾನು ಕೂತಿಲ್ಲ. ಟೀಕೆಯಾಗಿ ಮಾತ್ರ ಎರಡನ್ನೂ ತೂಗಿ ನೋಡುತ್ತೇನೆ. ‘ಮೊದಲಿಂದಲೂ ಹಾಗೇ’ ಎಂಬುದು ಗೀಗೀ ಮೇಳದಲ್ಲಿ ಸೋಲುವ ಜವಾಬು. ಜನರ ವಿವರಣೆ ಒಂದೇ ಒಂದು ಹೊಸ ಸಂಗತಿ ಸೇರಿಸಿ ಮೂರ್ತಿ, ದಿಕ್ಕು, ಕಿಂಡಿ, ಹೆಸರು ನಾಲ್ಕನ್ನೂ ಬಿಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಿಡಿಸುತ್ತಲೇ ಬಾಗಿಲು ಮುಚ್ಚಿದವರಿಗೆ ಛೀಮಾರಿ ಹಾಕುತ್ತದೆ. ಹಳೆಯ ಅರ್ಥದ ಟೀಕೆ ಹೊಸ ಅರ್ಥದ ಟೀಕೆಯೂ ಆಗುವ ಕ್ಷಣ ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಕಿಂಡಿಯನ್ನು ತೋರಿಸುತ್ತೇನೆ.

ಇನ್ನು ಅಂತರಿಕ್ಷ. ಅಮೆರಿಕದ ಲ್ಯಾರಿ ನಿವೆನ್ 1970ರಲ್ಲಿ ‘ರಿಂಗ್‌ವರ್ಲ್ಡ್’ ಎಂಬ ಕಾದಂಬರಿ ಬರೆದ. ಒಂದು ನಕ್ಷತ್ರದ ಸುತ್ತ, ಭೂಮಿ ಸೂರ್ಯನಿಂದ ಇರುವಷ್ಟೇ ದೂರದಲ್ಲಿ ಕಟ್ಟಿದ ಬೃಹತ್ ಬಳೆ, ಅಗಲ ಸುಮಾರು 16 ಲಕ್ಷ ಕಿಲೋಮೀಟರು. ಬಳೆಯ ಒಳಮೈ ಮೇಲೆ ಜನ ವಾಸಿಸುತ್ತಾರೆ, ಬಳೆ ಗಿರ್ರನೆ ತಿರುಗುವುದರಿಂದ ಅವರಿಗೆ ತೂಕ ಬರುತ್ತದೆ. ಪುಸ್ತಕ ಪ್ರಶಸ್ತಿಗಳನ್ನು ಬಾಚಿತು. 1971ರಲ್ಲಿ ಬಾಸ್ಟನ್ನಿನಲ್ಲಿ ವಿಶ್ವ ವಿಜ್ಞಾನಕಥಾ ಸಮ್ಮೇಳನ ನಡೆದಾಗ ಎಂಐಟಿಯ ವಿದ್ಯಾರ್ಥಿಗಳು ಹೋಟೆಲಿನ ಪಡಸಾಲೆಗಳಲ್ಲಿ ಘೋಷಣೆ ಕೂಗಿಕೊಂಡು ತಿರುಗಿದರು: ರಿಂಗ್‌ವರ್ಲ್ಡ್ ನಿಲ್ಲುವುದಿಲ್ಲ, ರಿಂಗ್‌ವರ್ಲ್ಡ್ ನಿಲ್ಲುವುದಿಲ್ಲ! ಅವರು ಹೇಳಿದ್ದು ಸರಿಯಾಗಿತ್ತು. ಗಟ್ಟಿ ಬಳೆ ನಕ್ಷತ್ರದ ಸುತ್ತ ಸ್ಥಿರವಾಗಿ ನಿಲ್ಲಲಾರದು, ಒಂದು ಕಡೆ ಕೂದಲೆಳೆಯಷ್ಟು ಸರಿದರೂ ಆ ಕಡೆಯ ಸೆಳೆತ ಹೆಚ್ಚಾಗಿ ಕೊನೆಗೆ ನಕ್ಷತ್ರಕ್ಕೆ ಬಡಿಯುತ್ತದೆ. ಶನಿಯ ಬಳೆ ಒಂದೇ ಗಟ್ಟಿ ಬಳೆಯಾಗಿರಲು ಸಾಧ್ಯವಿಲ್ಲವೆಂದು 1859ರಲ್ಲೇ ಮ್ಯಾಕ್ಸ್‌ವೆಲ್ ಗಣಿತದಿಂದ ತೋರಿಸಿದ್ದ.

ನಿವೆನ್ ಸಿಟ್ಟಾಗಲಿಲ್ಲ. ಓದುಗರು ಕಳಿಸಿದ ಲೆಕ್ಕಾಚಾರಗಳನ್ನು ಕೂಡಿಸಿಕೊಂಡು 1979ರಲ್ಲಿ ಎರಡನೆಯ ಪುಸ್ತಕ ತಂದ. ಅದರಲ್ಲಿ ಬಳೆಯ ಅಂಚಿನ ಗೋಡೆಗಳ ಮೇಲೆ ಅದನ್ನು ಜಾಗದಲ್ಲಿ ಹಿಡಿದಿಡುವ ಎಂಜಿನ್‌ಗಳಿವೆ, ಅಲ್ಲಿಯ ಜನ ಅವನ್ನು ಕಿತ್ತು ತಮ್ಮ ಹಡಗುಗಳಿಗೆ ಹಾಕಿಕೊಂಡಿದ್ದಾರೆ, ಹಾಗಾಗಿ ಬಳೆ ಈಗ ನಿಜಕ್ಕೂ ಸರಿಯುತ್ತಿದೆ. ಹುಡುಗರು ಹಿಡಿದ ತಪ್ಪೇ ಕತೆಯ ಕೇಂದ್ರವಾಯಿತು. (ಮೊದಲ ಮುದ್ರಣದಲ್ಲಿ ಭೂಮಿಯೇ ಉಲ್ಟಾ ತಿರುಗುವಂತೆ ಬರೆದಿದ್ದ, ಅದನ್ನು ಮರುಮುದ್ರಣದಲ್ಲಿ ತೆಪ್ಪಗೆ ತಿದ್ದಿಕೊಂಡ.)

‘ಸ್ಟಾರ್ ವಾರ್ಸ್’ ಅಭಿಮಾನಿಗಳ ಕತೆ ಇದಕ್ಕಿಂತ ಚೂಟಿ. 1977ರ ಮೊದಲ ಸಿನಿಮಾದಲ್ಲಿ ಹಾನ್ ಸೋಲೋ ಎಂಬ ಹಡಗಿನ ನಾಯಕ, ಕೆಸೆಲ್ ಓಟವನ್ನು ಹನ್ನೆರಡು ಪಾರ್ಸೆಕ್‌ಗಿಂತ ಕಡಿಮೆಯಲ್ಲಿ ಮುಗಿಸಿದೆ ಎಂದು ಜಂಬ ಕೊಚ್ಚುತ್ತಾನೆ. ಪಾರ್ಸೆಕ್ ಕಾಲದ ಅಳತೆಯಲ್ಲ, ದೂರದ್ದು, ಸುಮಾರು 3.26 ಜ್ಯೋತಿರ್ವರ್ಷ. ಹಾನಗಲ್ಲಿಗೆ ಐದು ಕಿಲೋಮೀಟರಿನಲ್ಲಿ ಹೋಗಿ ಮುಟ್ಟಿದೆ, ಅಷ್ಟು ಜೋರು ನನ್ನ ಗಾಡಿ ಅಂದಹಾಗೆ. ಚಿತ್ರಕಥೆಯ ಸೂಚನೆ ಅವನ ಮಾತನ್ನು ಎದುರಿನವರನ್ನು ಬೆರಗುಗೊಳಿಸಲು ಹೇಳಿದ ಪೊಳ್ಳು ಎಂದೇ ಕರೆಯುತ್ತದೆ. ಅಭಿಮಾನಿಗಳಿಗೆ ಅದು ಸಾಲಲಿಲ್ಲ. ಆ ದಾರಿಯಲ್ಲಿ ಕಪ್ಪುಕುಳಿಗಳಿವೆ, ಹೆದರುಪುಕ್ಕರು ಸುತ್ತಿಬಳಸಿ ಹೋಗುತ್ತಾರೆ, ಧೈರ್ಯಸ್ಥ ಹತ್ತಿರದಿಂದ ನುಗ್ಗಿ ದೂರವನ್ನೇ ಕಡಿಮೆ ಮಾಡಿಕೊಳ್ಳುತ್ತಾನೆ ಎಂದರು. ಜಂಬ ಒಮ್ಮೆಲೇ ನಿಜವಾಯಿತು. 2018ರಲ್ಲಿ ಬಂದ ‘ಸೋಲೋ’ ಸಿನಿಮಾ ಅಡ್ಡದಾರಿಯ ಆ ಓಟವನ್ನೇ ತೆರೆಯ ಮೇಲೆ ತೋರಿಸಿತು.

‘ಸ್ಟಾರ್ ಟ್ರೆಕ್’ನ ಕ್ಲಿಂಗಾನ್ ಜನರ ಹಣೆ 1960ರ ದಶಕದಲ್ಲಿ ನಮ್ಮ ನಿಮ್ಮಂತೆ ನುಣುಪು, 1979ರ ಸಿನಿಮಾದಿಂದ ಏಣು ಏಣು. ನಿಜವಾದ ಕಾರಣ ಮೇಕಪ್ಪಿನ ದುಡ್ಡು. 1996ರಲ್ಲಿ ಧಾರಾವಾಹಿಯವರು ಒಬ್ಬ ಕ್ಲಿಂಗಾನನ ಬಾಯಲ್ಲಿ ‘ಹೊರಗಿನವರೊಡನೆ ನಾವು ಅದನ್ನು ಮಾತಾಡುವುದಿಲ್ಲ’ ಎಂಬರ್ಥದ ಮಾತು ಹೇಳಿಸಿ ನಗಿಸಿದರು. 2005ರಲ್ಲಿ ಮಾತ್ರ, ನೋಡುಗರು ಅದಾಗಲೇ ಊಹಿಸಿದ್ದ ತಳಿ ಮಾರ್ಪಾಟಿನ ದಾರಿಯನ್ನೇ ಹಿಡಿದು ಅಧಿಕೃತ ಉತ್ತರ ಕೊಟ್ಟರು.

ಅಧಿಕೃತ ಉತ್ತರ ಬಂದರೆ ಎಲ್ಲ ಸರಿಹೋಗುತ್ತದೆ ಎಂದೇನಿಲ್ಲ. 1999ರಲ್ಲಿ ‘ಸ್ಟಾರ್ ವಾರ್ಸ್’ ಕರ್ತೃವೇ ‘ಫೋರ್ಸ್’ ಎಂಬ ನಿಗೂಢ ಶಕ್ತಿಗೆ ವಿವರಣೆ ಕೊಟ್ಟ: ರಕ್ತದ ಜೀವಕೋಶಗಳಲ್ಲಿ ಮಿಡಿಕ್ಲೋರಿಯನ್ ಎಂಬ ಸೂಕ್ಷ್ಮಜೀವಿಗಳಿರುತ್ತವೆ, ಎಣಿಕೆ ಹೆಚ್ಚಿದ್ದವನಿಗೆ ಶಕ್ತಿ ಹೆಚ್ಚು. ಇಪ್ಪತ್ತೆರಡು ವರ್ಷ ಆ ಶಕ್ತಿಯನ್ನು ಧ್ಯಾನದ ಫಲವೆಂದು ನಂಬಿದ್ದ ಜನಕ್ಕೆ ಅದು ಪ್ರಯೋಗಾಲಯದ ರಕ್ತಪರೀಕ್ಷೆಯಾಗಿ ಕಂಡಿತು. ಮಲ್ಲಿನಾಥನ ಎರಡನೆಯ ಮಾತು ಇಲ್ಲಿಗೆ: ಯಾರೂ ಕೇಳದ್ದನ್ನು ಹೇಳಬೇಡ. ‘ಇಡೀ ಕತೆ ನಾಯಕನ ಕನಸು’, ‘ಎಲ್ಲ ಪಾತ್ರಗಳೂ ಒಬ್ಬನೇ’ ಎಂದು ಯಾವ ಸಿನಿಮಾಕ್ಕೂ ಅಂಟಿಸುವ ಅಭಿಮಾನಿಗಳಿದ್ದಾರಲ್ಲ, ಅವರಿಗೆ ಮೊದಲನೆಯ ಮಾತು: ಮೂಲದಲ್ಲಿಲ್ಲದ್ದನ್ನು ಬರೆಯಬೇಡ. ಇವೆರಡನ್ನೂ ಪಾಲಿಸಿದಾಗ ಓದುಗನ ವಿವರಣೆ ಲೇಖಕನದನ್ನು ಮೀರಿಸುವುದುಂಟು, ಮೀರಿಸಿದಾಗ ಲೇಖಕ ಅದನ್ನು ತೆಗೆದುಕೊಳ್ಳುವುದೇ ಮರ್ಯಾದೆ.

ನಮ್ಮಲ್ಲಿ ವಿಜ್ಞಾನಕಥೆಯ ಹೊಲ ಚಿಕ್ಕದು. ರಾಜಶೇಖರ ಭೂಸನೂರಮಠರ ‘ಮನ್ವಂತರ’ದಂಥ ಕೃತಿಗೆ ಹೋಟೆಲಿನ ಪಡಸಾಲೆಯಲ್ಲಿ ಘೋಷಣೆ ಕೂಗುವಷ್ಟು ಓದುಗರ ಗುಂಪು ಸಿಗಲಿಲ್ಲ, ಅದು ಕೃತಿಯ ತಪ್ಪಲ್ಲ. ಸಿನಿಮಾ ವಿಷಯದಲ್ಲಿ ಹಾಗಲ್ಲ. 1998ರ ‘ಎ’ ಹಿಂದುಮುಂದಾದ ಕತೆಯಿಂದ ನೋಡುಗರನ್ನು ಮತ್ತೆ ಚಿತ್ರಮಂದಿರಕ್ಕೆ ಎಳೆಯಿತು, ಎರಡನೆಯ ಸಲ ನೋಡಿದವನು ಮೊದಲ ಸಲದವನಿಗೆ ಟೀಕಾಚಾರ್ಯನಾದ. ಜನರಿಂದಲೇ ಹಣ ಕೂಡಿಸಿ ಪವನ್ ಕುಮಾರ್ ಮಾಡಿದ ‘ಲೂಸಿಯಾ’ (2013) ನಿದ್ದೆಯ ಮಾತ್ರೆ, ಎರಡು ಬದುಕು, ಬಣ್ಣ ಮತ್ತು ಕಪ್ಪುಬಿಳುಪು ಇಟ್ಟುಕೊಂಡು ಆಡಿದ ಆಟದಲ್ಲಿ, ಕೊನೆಯಲ್ಲಿ ಗುಟ್ಟು ಒಡೆದ ಮೇಲೂ, ಕನಸು ಯಾವುದು ನನಸು ಯಾವುದು ಎಂಬ ವಾದ ನಿಲ್ಲಲಿಲ್ಲ. ಭಜನೆ ಮುಗಿದ ಮೇಲಿನ ‘ಅಲ್ರೀ ಕಾಕಾ’ ಬೇರೆ ಕಡೆ ಕೂತು ಮುಂದುವರಿಯಿತು, ಅಷ್ಟೆ.

ಹಾಗಾದರೆ ಪದ ಕೆಟ್ಟದ್ದು ಎಲ್ಲಿ? 1894ರ ಕಿಟ್ಟೆಲ್ ಕೋಶದಲ್ಲಿ ಟೀಕೆ ಇನ್ನೂ ವ್ಯಾಖ್ಯಾನವೇ. ಇಪ್ಪತ್ತನೆಯ ಶತಮಾನದಲ್ಲಿ ಪುಸ್ತಕವನ್ನು ತೂಗಿ ನೋಡುವ ಕೆಲಸಕ್ಕೆ ‘ವಿಮರ್ಶೆ’ ನಿಂತಿತು, ಬಿಡಿಸಿ ಹೇಳುವುದಕ್ಕೆ ‘ವ್ಯಾಖ್ಯಾನ’, ‘ವಿವರಣೆ’ ಇದ್ದೇ ಇದ್ದವು. ಟೀಕೆಯ ಪಾಲಿಗೆ ಉಳಿದದ್ದು ತಪ್ಪು ಹಿಡಿಯುವ ಅರ್ಧ ಮಾತ್ರ. ಮರಾಠಿಯಲ್ಲೂ ಇದೇ ಆಗಿದೆ, ಅಲ್ಲಿಯೂ ಟೀಕಾ ಎಂದರೆ ಈಗ ದೋಷ ಹೇಳುವುದು, ಜ್ಞಾನೇಶ್ವರಿ ಮಾತ್ರ ಹಳೆಯ ಅರ್ಥದಲ್ಲಿ ಗೀತೆಯ ಟೀಕೆ. ಪತ್ರಿಕೆಗಳಿಗೆ ಮೂರಕ್ಷರದೊಳಗೆ ಮುಗಿಯುವ ಜಗಳದ ಪದವೊಂದು ಬೇಕಿತ್ತು ಎಂಬುದು ನನ್ನ ಊಹೆ, ಎರಡಕ್ಷರದ್ದೇ ಸಿಕ್ಕಿಬಿಟ್ಟಿತು.

ಈಗೀಗ ‘ಫ್ಯಾನ್ ಥಿಯರಿ’ಗೆ ಕನ್ನಡ ಹುಡುಕುವವರು ‘ಅಭಿಮಾನಿ ಸಿದ್ಧಾಂತ’ ಎಂಬ ಭಾರದ ಪದವನ್ನು ಮುಂದಿಡುತ್ತಾರೆ. ರಾಜಕುಮಾರ್ ಅಭಿಮಾನಿಗಳನ್ನು ದೇವರು ಎಂದಿದ್ದು ನಿಜ, ಆದರೆ ದೇವರಿಗೆ ಸಿದ್ಧಾಂತ ಹೊರಿಸುವುದು ಬೇಡ. ಅವರು ಮಾಡುತ್ತಿರುವುದು ಬಿರುಕು ತೋರಿಸಿ, ತೋರಿಸಿದ ಬಿರುಕನ್ನು ಮೂಲದ ಮಣ್ಣಿನಿಂದಲೇ ಮೆತ್ತುವ ಕೆಲಸ. ಅದಕ್ಕೆ ಸಾವಿರ ವರ್ಷ ಹಳೆಯ, ಎರಡೂ ಅರ್ಥ ಹೊತ್ತ ಪದ ನಮ್ಮಲ್ಲಿದೆ. ಅದನ್ನು ಅವರಿಗೆ ಕೊಟ್ಟುಬಿಡೋಣ, ಟೀಕೆ ಎಂದೇ ಕರೆಯೋಣ. ಪತ್ರಿಕೆಯ ತಲೆಬರಹದವರಿಗೆ ಬೇಕಿದ್ದರೆ ‘ನಿಂದೆ’ ಎಂಬ ಪದವಿದೆ, ಅದೂ ಎರಡೇ ಅಕ್ಷರ.